ರಣವೀರರ ಸಮಾಧಿಯ ಮುಂದೆ ಶ್ರಾವಕ

ಸೊಲ್ಲಾಪುರದ ಕಡೆಯ ಒಂದು ಶ್ರಾವಕ ಕುಟುಂಬವು ಮದುವೆಯ ನಿಮಿತ್ತ ಪುಣೆಗೆ ಹೋಗಿತ್ತು. ಮರುದಿನ ಕಾಲೇಜಿನಲ್ಲಿ ಓದುವ ಮೊಮ್ಮಗನ ಆಗ್ರಹದ ಮೇರೆಗೆ ಎಲ್ಲರೂ ಖಡಕಿಯಲ್ಲಿರುವ ಯುದ್ಧಸ್ಮಶಾನವನ್ನು ನೋಡಲು ತೆರಳಿದರು. ಬಾಗಿಲಿನವರೆಗೆ ಬಂದ ಮನೆಯ ಹಿರಿಯರಾದ ಆಯಿ ಅಲ್ಲಿಯೇ ನಿಂತುಬಿಟ್ಟರು. “ಕೊಲ್ಲಾಕ ಹೋದವರು ಮಲಗಿದ ಜಾಗಾ ಇದು. ಇಲ್ಲಿ ಕೈ ಮುಗಿದರ ಅವರ ಪಾಪದಾಗ ನಮಗೂ ಪಾಲು ಬರತೈತಿ” ಎಂದರು. “ಇಂಥವರು ಹೊರಗ ಕಾದಿದ್ದಕ್ಕ ನಾವು ಮನಿಯೊಳಗ ನಿದ್ದಿ ಮಾಡೇವಿ, ಆಯಿ” ಎಂದು ಮೊಮ್ಮಗನು ಉತ್ತರಿಸಿ, ಒಳಗೆ ಹೋಗಿ ಸಾಲು ಸಾಲು ಶಿಲೆಗಳ ಛಾಯಾಚಿತ್ರಗಳನ್ನು ತೆಗೆದುಕೊಂಡು ಬಂದನು. ಹಿಂದಿರುಗುವ ದಾರಿಯಲ್ಲಿ ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ವಿಚಾರ ಮಾಡಿ ನೋಡಿದರೆ ಆ ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆಯಿಯವರು ಆಡಿದ್ದು ಕರ್ಮಸಿದ್ಧಾಂತದ ಮಾತು. ಮೊಮ್ಮಗನು ಆಡಿದ್ದು ಕೃತಜ್ಞತೆಯ ಮಾತು. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಜೈನನು ಯುದ್ಧದಲ್ಲಿ ಮಡಿದವರ ಸಮಾಧಿಯ ಮುಂದೆ ತಲೆಬಾಗಬಹುದೇ? ಬಾಗಿದರೆ ಅದು ಯಾವುದಕ್ಕೆ ಸಲ್ಲುವ ಗೌರವ? ಅದರ ಚಿತ್ರವನ್ನು ತೆಗೆದು ಮನೆಗೆ ತರುವುದು ಪುಣ್ಯವೋ, ಪ್ರಮಾದವೋ? ಇಂದು ದೇಶದ ಗಡಿಯಿಂದ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ಏಳುತ್ತಿರುವುದರಿಂದ ಧರ್ಮಬಂಧುಗಳು ಇದನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಯೋಗ್ಯವಾಗಿದೆ.

ಒಂದೇ ಅಳತೆಯ ಶಿಲೆಗಳು

ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದಾಗಲೇ, 1917ರಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಹೋರಾಡಿ ಮಡಿದವರ ಸಮಾಧಿಗಳ ಪಾಲನೆಗಾಗಿ ಒಂದು ಆಯೋಗವು ಸ್ಥಾಪಿತವಾಯಿತು. 1960ರಿಂದ ಅದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೆಂಬ ಹೆಸರಿನಿಂದ ನಡೆಯುತ್ತಿದೆ. ಪಶ್ಚಿಮ ಮತ್ತು ಮಧ್ಯಭಾರತದ ಅನೇಕ ಊರುಗಳಲ್ಲಿ ಚದುರಿಹೋಗಿದ್ದ, ಮುಂದೆ ನೋಡಿಕೊಳ್ಳುವವರಿಲ್ಲದ ಎರಡನೆಯ ಮಹಾಯುದ್ಧದ ಸಮಾಧಿಗಳನ್ನು ಒಂದೆಡೆ ತರುವುದಕ್ಕಾಗಿ ಖಡಕಿಯ ಸ್ಮಶಾನವನ್ನು ನಿರ್ಮಿಸಲಾಯಿತು. ಅಲ್ಲಿ ಆ ಯುದ್ಧಕಾಲದ 1,600ಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ. ಈ ಪ್ರದೇಶವು ರಣಭೂಮಿಯಾಗಿರಲಿಲ್ಲವಾದ್ದರಿಂದ, ಶತ್ರುವಿನ ಮುಖವನ್ನೇ ನೋಡದೆ ರೋಗದಿಂದಲೋ ಅಪಘಾತದಿಂದಲೋ ತೀರಿಕೊಂಡವರೂ ಇವರಲ್ಲಿದ್ದಾರೆ ಎಂಬುದನ್ನು ಗಮನಿಸಬೇಕು.

ಇಂತಹ ಸ್ಮಶಾನಗಳ ನಿಯಮವೊಂದು ಜೈನನ ಮನಸ್ಸಿಗೆ ತಟ್ಟುವಂತಹದು. ಅಧಿಕಾರಿಗೂ ಸಿಪಾಯಿಗೂ ಶಿಲೆಯ ಅಳತೆಯಲ್ಲಿ ಭೇದವಿಲ್ಲ. ಶ್ರೀಮಂತನ ತಂದೆಯು ಎಷ್ಟೇ ಹಣ ಕೊಡುವೆನೆಂದರೂ ಮಗನಿಗೆ ದೊಡ್ಡ ಗೋರಿಯನ್ನು ಕಟ್ಟಿಸುವಂತಿಲ್ಲ. ಹೆಸರು, ಪಡೆ, ಮರಣದ ದಿನಾಂಕ, ತಿಳಿದಿದ್ದರೆ ವಯಸ್ಸು. ಮೊದಲನೆಯ ಮಹಾಯುದ್ಧದ ನಂತರ, ಶಿಲೆಯ ಕೆಳಭಾಗದಲ್ಲಿ ಮನೆಯವರ ಒಂದು ಮಾತಿಗೆ 66 ಅಕ್ಷರಗಳಷ್ಟು ಜಾಗವನ್ನು ಬಿಡಲಾಗಿತ್ತು. ಮಗನ ಇಡೀ ಬಾಳನ್ನು ಒಬ್ಬ ತಾಯಿಯು 66 ಅಕ್ಷರಗಳಲ್ಲಿ ಹೇಳಿ ಮುಗಿಸಬೇಕಾಗಿತ್ತು.

ಈ ಸಮಾನತೆಯು ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನೂ ಹೇಳದೆ ಬಿಡುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000, ಪ್ರಾಯಶಃ 3,50,000ದವರೆಗಿನ ಜನರು ಹೆಸರಿನಿಂದ ಸ್ಮರಿಸಲ್ಪಡದೆ ಹೋದರು, ಅವರಲ್ಲಿ ಹೆಚ್ಚಿನವರು ಆಫ್ರಿಕಾ, ಏಷ್ಯಾ ಮತ್ತು ಮಧ್ಯಪ್ರಾಚ್ಯದವರು ಎಂದು ಆಯೋಗದ್ದೇ ಸಮಿತಿಯೊಂದು 2021ರಲ್ಲಿ ವರದಿ ಸಲ್ಲಿಸಿತು; ಆಯೋಗವು ಅದಕ್ಕಾಗಿ ಕ್ಷಮೆಯನ್ನೂ ಕೇಳಿತು. ಸಾವಿನಲ್ಲಿಯೂ ಮನುಷ್ಯನು ಭೇದವೆಣಿಸುತ್ತಾನೆ. ಎಲ್ಲ ಜೀವಗಳೂ ಸ್ವರೂಪದಲ್ಲಿ ಸಮಾನವೆಂದು ಸಾರಿದ ಧರ್ಮದವರು ಹೆಸರುಳ್ಳ ಶಿಲೆಯ ಮುಂದೆ ನಿಂತಾಗ, ಹೆಸರೂ ಉಳಿಯದವರನ್ನು ಮೊದಲು ನೆನೆಯಬೇಕು.

ಅನುಮೋದನೆಯ ಶಂಕೆ

ಈಗ ಆಯಿಯವರ ಶಂಕೆಗೆ ಬರೋಣ. ಮನಸ್ಸು, ವಚನ, ಕಾಯಗಳೆಂಬ ಮೂರು ದ್ವಾರಗಳಿಂದ ಕರ್ಮವು ಆಸ್ರವಿಸುತ್ತದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು, ಈ ಮೂರರಿಂದಲೂ ಬಂಧವುಂಟಾಗುತ್ತದೆ. ಕೃತ, ಕಾರಿತ, ಅನುಮೋದನೆ ಎಂಬ ಈ ವಿಭಾಗವು ಪ್ರತಿಕ್ರಮಣ ಮಾಡುವ ಪ್ರತಿಯೊಬ್ಬ ಶ್ರಾವಕನಿಗೂ ಗೊತ್ತಿರುತ್ತದೆ. ಕತ್ತಿಯನ್ನು ಹಿಡಿಯದೆ, ಹಿಡಿಯಲು ಹೇಳದೆ, ದೂರದಲ್ಲಿ ಕುಳಿತು “ಭಲೇ” ಎಂದವನೂ ಲೆಕ್ಕದಿಂದ ತಪ್ಪಿಸಿಕೊಳ್ಳಲಾರನು. ಹೀಗಿರುವಾಗ ಯೋಧನ ಸಮಾಧಿಗೆ ಕೈಮುಗಿಯುವುದು ಯುದ್ಧಕ್ಕೆ ಭಲೇ ಎಂದಂತಾಗುವುದಿಲ್ಲವೇ?

ಈ ಶಂಕೆಗೆ ಉತ್ತರವು ಹಿಂಸೆಯ ವಿವೇಚನೆಯಲ್ಲಿಯೇ ಇದೆ. ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಅಡಿಗೆ, ಕುಟ್ಟುವುದು, ಬೀಸುವುದು ಮುಂತಾದ ಮನೆಗೆಲಸಗಳಲ್ಲಿ ಆಗುವುದು ಆರಂಭಿ. ಕೃಷಿ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಆಕ್ರಮಣದಿಂದ ತನ್ನನ್ನೂ ಆಶ್ರಿತರನ್ನೂ ರಕ್ಷಿಸುವಾಗ ಅನಿವಾರ್ಯವಾಗಿ ಆಗುವುದು ವಿರೋಧಿ ಹಿಂಸೆ. ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ಇದರ ಅರ್ಥವು ವಿರೋಧಿ ಹಿಂಸೆಯು ಪುಣ್ಯವೆಂದಲ್ಲ. ಅದೂ ಹಿಂಸೆಯೇ. ಅದಕ್ಕೂ ಬಂಧವಿದೆ. ಆದರೆ ಸೈನಿಕನ ಪಾಪವನ್ನು ಎಣಿಸುವ ಮೊದಲು ತನ್ನ ಒಲೆಯ ಮತ್ತು ಅಂಗಡಿಯ ಪಾಪವನ್ನು ಎಣಿಸೆಂದು ಇದೇ ವಿಭಾಗವು ಗೃಹಸ್ಥನಿಗೆ ಹೇಳುತ್ತದೆ.

ಹಾಗಾದರೆ ಅನುಮೋದನೆ ಯಾವುದು? ಎದುರಾಳಿಯು ಹೇಗೆ ನಾಶವಾದನೆಂದು ಕೇಳಿ ಹಿಗ್ಗುವುದು ಅನುಮೋದನೆ. ಇದನ್ನೇ ಶಾಸ್ತ್ರವು ಹಿಂಸಾನಂದಿ ರೌದ್ರಧ್ಯಾನವೆಂದು ಕರೆಯುತ್ತದೆ. ಮಡಿದವನ ವಯಸ್ಸನ್ನು ಓದಿ ಮನಸ್ಸು ಕರಗುವುದು ಅನುಕಂಪೆ, ಅದು ಸಮ್ಯಕ್ತ್ವದ ಲಕ್ಷಣ. ಎರಡೂ ಭಾವಗಳು ಒಂದೇ ಶಿಲೆಯ ಮುಂದೆ ಹುಟ್ಟಬಲ್ಲವು. ಸ್ಥಳದಿಂದ ಬಂಧವಿಲ್ಲ, ಭಾವದಿಂದ ಬಂಧ.

ಇನ್ನೊಂದು ಆಕ್ಷೇಪಣೆಯೂ ಉಂಟು. ದೇಹವು ಪುದ್ಗಲ, ಜೀವವು ತನ್ನ ಕರ್ಮಾನುಸಾರ ಮುಂದಿನ ಗತಿಗೆ ಹೋಗಿಯಾಯಿತು, ಕಲ್ಲಿಗೆ ವಂದಿಸುವುದು ಲೋಕಮೂಢತೆಯಲ್ಲವೇ? ಹರಕೆ ಹೊತ್ತರೆ, ವರ ಬೇಡಿದರೆ, ಅಕ್ಷತೆ ದೀಪಗಳಿಂದ ಪೂಜಿಸಿದರೆ ಅದು ಮೂಢತೆಯೇ ಸರಿ. ಪೂಜೆಯು ವೀತರಾಗನಿಗೆ ಮಾತ್ರ ಸಲ್ಲತಕ್ಕದ್ದು. ಗೌರವವು ಬೇರೆ. ತಂದೆಯ ಕಾಲಿಗೆರಗುವ ಮಗನು ತಂದೆಯನ್ನು ತೀರ್ಥಂಕರನೆಂದು ತಿಳಿಯುವುದಿಲ್ಲ.

ನಮ್ಮ ನಾಡಿನ ಶಿಲೆಗಳು ಹೇಳುವುದೇನು

ಕನ್ನಡ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ದೇವಕನ್ಯೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಆತನ ಆರಾಧ್ಯದೈವ. ಜೈನವೀರರ ಕಲ್ಲುಗಳಲ್ಲಿ ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬವಿರುತ್ತದೆ. ಇದೇ ನಾಡಿನಲ್ಲಿ ನಿಸಿದಿಗೆಯ ಕಲ್ಲುಗಳೂ ಇವೆ. ಅವು ಯುದ್ಧದಲ್ಲಿ ಮಡಿದವರವಲ್ಲ, ಸಲ್ಲೇಖನದಿಂದ ಸಮಾಧಿಮರಣವನ್ನು ಪಡೆದವರವು. ನಮ್ಮ ಪೂರ್ವಜರು ಈ ಎರಡು ಬಗೆಯ ಮರಣಗಳಿಗೂ ಕಲ್ಲು ನಿಲ್ಲಿಸಿದರು, ಆದರೆ ಎರಡನ್ನೂ ಒಂದೇ ಎಂದು ತಿಳಿಯಲಿಲ್ಲ.

ಗಂಗರ ಅರಸನಾದ ಇಮ್ಮಡಿ ಮಾರಸಿಂಹನ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಶಾಸನವು ಆತನು ಗೆದ್ದ ಯುದ್ಧಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತ ಹೋಗುತ್ತದೆ. ಕೊನೆಗೆ ಆತನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತಸ್ಥನಾಗಿ ಸಲ್ಲೇಖನದಿಂದ ಮುಡಿಪಿದನೆಂದು ತಿಳಿಸುತ್ತದೆ. ಇದು 974ರ ಸುಮಾರಿನ ಘಟನೆ. ಇದೇ ಅರಸನ ಸೇನಾನಿಯೂ ಮಂತ್ರಿಯೂ ಆಗಿದ್ದ ಚಾವುಂಡರಾಯನು ಮುಂದೆ ಗೊಮ್ಮಟೇಶ್ವರನ ಮಹಾಮೂರ್ತಿಯನ್ನು ನಿಲ್ಲಿಸಿದನು. ಕಾಳಗಗಳಲ್ಲಿ ಬಿರುದುಗಳನ್ನು ಪಡೆದ ದಂಡನಾಯಕನು ಶಿಲೆಯಲ್ಲಿ ಮೂಡಿಸಿದ್ದು ತನ್ನ ಜಯವನ್ನಲ್ಲ; ಗೆದ್ದ ಮರುಕ್ಷಣವೇ ಗೆಲುವನ್ನು ಬಿಟ್ಟುಕೊಟ್ಟ ಬಾಹುಬಲಿಯನ್ನು. ಭರತ ಬಾಹುಬಲಿಯರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಟ್ಟದ್ದಾದರೂ ಏಕೆ? ಇಬ್ಬರು ಅಣ್ಣತಮ್ಮಂದಿರ ಮಾನದ ಸಲುವಾಗಿ ಎರಡು ಸೇನೆಗಳು ಸಾಯಬಾರದೆಂದು ಮಂತ್ರಿಗಳು ವಿವೇಕ ಹೇಳಿದ್ದರಿಂದ. ಯುದ್ಧಸ್ಮಶಾನದ ಸಾಲುಗಳನ್ನು ನೋಡುವವನಿಗೆ, ಅಂತಹ ಮಂತ್ರಿಗಳು ಇಲ್ಲದೆ ಹೋದಾಗ ಏನಾಗುತ್ತದೆಂಬುದು ಕಣ್ಣಿಗೆ ಕಾಣುತ್ತದೆ.

ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಬರುವ ವರುಣನ ವೃತ್ತಾಂತವು ಈ ಪ್ರಶ್ನೆಗೆ ಇನ್ನೂ ನೇರವಾದ ಉತ್ತರವನ್ನು ಕೊಡುತ್ತದೆ. ವರುಣನು ವೈಶಾಲಿಯ ಶ್ರಾವಕ, ಉಪವಾಸವ್ರತಿ. ರಾಜಾಜ್ಞೆಯಿಂದ ಯುದ್ಧಕ್ಕೆ ಹೋಗಬೇಕಾಗಿ ಬಂದಾಗ, ತನ್ನ ಮೇಲೆ ಮೊದಲು ಪ್ರಹಾರ ಮಾಡಿದವನನ್ನಲ್ಲದೆ ಬೇರೆಯವರನ್ನು ಹೊಡೆಯೆನೆಂದು ವ್ರತ ತೊಟ್ಟನು. ಎದುರಾಳಿಯ ಬಾಣದಿಂದ ಮರಣಾಂತಿಕವಾಗಿ ಗಾಯಗೊಂಡ ಮೇಲೆ ತಾನೂ ಬಾಣ ಬಿಟ್ಟು ಅವನನ್ನು ಕೆಡವಿದನು. ಬಳಿಕ ರಣದಿಂದ ಹಿಂದೆ ಸರಿದು, ಕುದುರೆಗಳನ್ನು ಬಿಚ್ಚಿ ಬಿಟ್ಟು, ದರ್ಭೆಯ ಮೇಲೆ ಪೂರ್ವಾಭಿಮುಖವಾಗಿ ಕುಳಿತು, ಸಮಸ್ತ ಹಿಂಸೆಯನ್ನು ಪ್ರತ್ಯಾಖ್ಯಾನ ಮಾಡಿ ಸಮಾಧಿಯಿಂದ ದೇಹವನ್ನು ಬಿಟ್ಟನು. ಅವನಿಗೆ ಸದ್ಗತಿಯಾದುದನ್ನು ಕಂಡ ಜನರು, ಯುದ್ಧದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆಂದು ಮಾತನಾಡತೊಡಗಿದರು. ಗೌತಮರು ಈ ಕುರಿತು ಕೇಳಿದಾಗ ಭಗವಾನ್ ಮಹಾವೀರರು ಅದು ಮಿಥ್ಯೆಯೆಂದು ಸ್ಪಷ್ಟಪಡಿಸಿದರು. ವರುಣನನ್ನು ಎತ್ತಿದ್ದು ಯುದ್ಧವಲ್ಲ, ಕೊನೆಯ ಗಳಿಗೆಯ ಶಾಂತಭಾವ.

ಇಲ್ಲಿ ಎರಡು ಪಾಠಗಳಿವೆ. ರಣದಲ್ಲಿ ಮಡಿದ ಮಾತ್ರಕ್ಕೆ ಸ್ವರ್ಗವೆಂಬ ಮಾತನ್ನು ಜೈನನು ಒಪ್ಪಲಾರನು, ಯುವಕರನ್ನು ಸಾವಿಗೆ ಹುರಿದುಂಬಿಸುವ ಆ ಮಾತಿಗೆ ಆತನು ದನಿಗೂಡಿಸಬಾರದು. ಅದೇ ಸಮಯದಲ್ಲಿ, ಸಮಾಧಿಯೊಳಗೆ ಮಲಗಿದವನ ಕೊನೆಯ ಗಳಿಗೆಯ ಭಾವವು ಹೇಗಿತ್ತೆಂದು ಹೊರಗಿನವನು ತಿಳಿಯಲಾರನು. ತಿಳಿಯದಿರುವಾಗ ತಿರಸ್ಕರಿಸುವ ಅಧಿಕಾರ ಯಾರಿಗಿದೆ?

ಛಾಯಾಚಿತ್ರದ ಗುಣದೋಷ

ಚಿತ್ರ ತೆಗೆಯುವುದರ ವಿಷಯವೂ ವಿಚಾರಣೀಯವಾಗಿದೆ. ಸಮಾಧಿಯ ಚಿತ್ರ ತೆಗೆಯುವ ಪದ್ಧತಿಯು ಆರಂಭವಾದದ್ದು ಕುತೂಹಲದಿಂದಲ್ಲ, ಕರುಣೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿಯೇ, ಸಮಾಧಿಗಳನ್ನು ಗುರುತಿಸುತ್ತಿದ್ದ ದಳಕ್ಕೆ ಮನೆಗಳಿಂದ ಪತ್ರಗಳು ಬರತೊಡಗಿದವು: ನಮ್ಮ ಮಗ ಎಲ್ಲಿ ಮಲಗಿದ್ದಾನೆ? ಸಮುದ್ರ ದಾಟಿ ಬರಲಾರದ ಆ ತಂದೆತಾಯಿಗಳಿಗಾಗಿ ಸಮಾಧಿಯ ಚಿತ್ರವನ್ನೂ ಸ್ಥಳದ ವಿವರವನ್ನೂ ಕಳುಹಿಸಲಾಯಿತು. ಇಂತಹ ಚಿತ್ರಗಳು ಸಾವಿರಾರು ಮನೆಗಳಿಗೆ ಹೋದವು. ನಮ್ಮ ಕಾಲದಲ್ಲಿಯೂ ಪ್ರಪಂಚದ ನಾನಾ ಭಾಗಗಳ ಸ್ವಯಂಸೇವಕರು ಯುದ್ಧಸಮಾಧಿಗಳ ಒಂದೊಂದು ಶಿಲೆಯನ್ನೂ ಚಿತ್ರಿಸಿ ದೂರದ ಬಂಧುಗಳಿಗೆ ತಲುಪಿಸುತ್ತಿದ್ದಾರೆ.

ಈ ಸಂದರ್ಭದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುತ್ತದೆ. ಆಕೆಯ ಪತಿ ನಾಗದೇವನು ಯುದ್ಧದಲ್ಲಿ ಮಡಿದನು. ತಂಗಿಯೂ ಸವತಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕಿ ಉಳಿದು ವ್ರತನಿಯಮಗಳಲ್ಲಿ ಬಾಳಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು, ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಯೋಧನ ವಿಧವೆಯು ಪ್ರತಿ ಮಾಡಿಸಿದ್ದು ಗಂಡನ ಶೌರ್ಯದ ಕಥೆಯನ್ನಲ್ಲ, ಶಾಂತಿನಾಥನ ಚರಿತೆಯನ್ನು. ಮಡಿದವರ ಗೌರವಾರ್ಥ ಏನನ್ನು ಪ್ರತಿ ಮಾಡಿ ಹಂಚಬೇಕೆಂಬ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಆಕೆ ಉತ್ತರ ಕೊಟ್ಟಿದ್ದಾಳೆ.

ಇಂದಿನ ಚಿತ್ರಕ್ಕೂ ಈ ಅಳತೆಗೋಲು ಸಾಕು. ಶಿಲೆಗೆ ಬೆನ್ನು ತಿರುಗಿಸಿ, ನಗುತ್ತ ತನ್ನ ಮುಖವನ್ನೇ ಮುಂದಿಟ್ಟುಕೊಂಡು ತೆಗೆದ ಚಿತ್ರವು ಮಾನಕಷಾಯವನ್ನು ಬೆಳೆಸುತ್ತದೆ. ಯುದ್ಧದ ರೋಷವನ್ನು ಕೆರಳಿಸುವ ಮಾತುಗಳನ್ನು ಸೇರಿಸಿ ಹಂಚಿದ ಚಿತ್ರವು ರೌದ್ರಧ್ಯಾನವನ್ನು ಬೆಳೆಸುತ್ತದೆ. ಹೆಸರು ಮತ್ತು ವಯಸ್ಸು ಸ್ಪಷ್ಟವಾಗಿ ಓದಬರುವಂತೆ, ಬರಲಾಗದವರಿಗಾಗಿ ತೆಗೆದ ಚಿತ್ರವು ಕರುಣೆಯನ್ನು ಬೆಳೆಸುತ್ತದೆ. ಯಂತ್ರವು ಒಂದೇ, ಬೆರಳು ಒಂದೇ, ಫಲ ಮೂರು ಬಗೆ.

ವರ್ತಕನ ಋಣ

ನಮ್ಮ ಸಮಾಜದಲ್ಲಿ ವ್ಯಾಪಾರಿಗಳೇ ಹೆಚ್ಚು. ಆದ್ದರಿಂದ ಒಂದು ಕಠೋರವಾದ ಮಾತನ್ನು ಇಲ್ಲಿ ಆಡಲೇಬೇಕಾಗಿದೆ. “ನಾವು ಅಹಿಂಸಾವಾದಿಗಳು, ಯುದ್ಧಕ್ಕೂ ನಮಗೂ ಸಂಬಂಧವಿಲ್ಲ” ಎಂದು ಹೇಳುವವನ ಕೀರ್ದಿ ಖಾತೆಗಳನ್ನು ತೆರೆದು ನೋಡಿದರೆ ಆ ಮಾತು ನಿಲ್ಲುತ್ತದೆಯೇ?

ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಸುಮಾರು 87,000 ಮಂದಿ ಮರಳಿ ಬರಲಿಲ್ಲ. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ನಾಗಾಲ್ಯಾಂಡಿನ ಕೊಹಿಮಾ ಬೆಟ್ಟದಲ್ಲಿ ಜಪಾನಿನ ಸೇನೆಯನ್ನು ತಡೆದ ಘೋರ ಕಾಳಗವು ನಡೆಯಿತು. ಅಧಿಕಾರಿಯೊಬ್ಬರ ಬಂಗಲೆಯ ಟೆನಿಸ್ ಅಂಗಳದ ಎರಡು ಬದಿಗಳಲ್ಲಿ ಎರಡೂ ಸೇನೆಗಳು ಹೊಂಡ ತೋಡಿಕೊಂಡು ದಿನಗಟ್ಟಲೆ ಹೋರಾಡಿದವು. ಆ ಅಂಗಳದ ಗೆರೆಗಳು ಅಲ್ಲಿನ ಸ್ಮಶಾನದಲ್ಲಿ ಇಂದಿಗೂ ಕಾಣುತ್ತವೆ. ಅಲ್ಲಿ 1,420 ಸಮಾಧಿಗಳಿವೆ. ಎತ್ತರದಲ್ಲಿರುವ ಇನ್ನೊಂದು ಸ್ಮಾರಕದಲ್ಲಿ, ತಮ್ಮ ಧರ್ಮಕ್ಕನುಗುಣವಾಗಿ ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮರಣೆಯಿದೆ. ಅವರಿಗೆ ಸಮಾಧಿಯಿಲ್ಲ. ಬೂದಿಯಾಗಿ ಹೋದವರ ಹೆಸರು ಮಾತ್ರ ಉಳಿದಿದೆ.

ಅದರ ಹಿಂದಿನ ವರ್ಷ, 1943ರಲ್ಲಿ, ಬಂಗಾಳದಲ್ಲಿ ಭೀಕರ ಕ್ಷಾಮವುಂಟಾಯಿತು. ಅದಕ್ಕೆ ಯುದ್ಧಕಾಲದ ಸರ್ಕಾರದ ನೀತಿಗಳು, ಹಣದುಬ್ಬರ, ಬರ್ಮಾದ ಅಕ್ಕಿ ನಿಂತುಹೋದದ್ದು ಮುಂತಾದ ಅನೇಕ ಕಾರಣಗಳಿದ್ದವು. ಭಯ ಮತ್ತು ದುರಾಸೆಗಳೂ ಬೆಲೆಯನ್ನು ಏರಿಸಿದವೆಂದೂ, ಕೆಲವರ ಲಾಭವು ಬೇರೆಯವರ ಮರಣವಾಯಿತೆಂದೂ 1945ರಲ್ಲಿ ವಿಚಾರಣಾ ಆಯೋಗವು ದಾಖಲಿಸಿತು. ಸತ್ತವರು ಸುಮಾರು 15 ಲಕ್ಷವೆಂದು ಆ ಆಯೋಗದ ಅಂದಾಜು. ಸುಮಾರು 30 ಲಕ್ಷವೆಂದು ನಂತರದ ವಿದ್ವಾಂಸರ ಅಂದಾಜು. ಇವರಲ್ಲಿ ಯಾರನ್ನೂ ಬಂದೂಕಿನಿಂದ ಕೊಲ್ಲಲಿಲ್ಲ. ಕೊಂದ ಆಯುಧಗಳಲ್ಲಿ ದಾಸ್ತಾನಿನ ಬೀಗವೂ ಒಂದಾಗಿತ್ತು.

ಗಡಿಯಲ್ಲಿ ಸೈನಿಕನು ಪ್ರಾಣವನ್ನು ಒಡ್ಡಿದಾಗ ಒಳನಾಡಿನಲ್ಲಿ ವರ್ತಕನು ಧಾನ್ಯವನ್ನು ಬಚ್ಚಿಟ್ಟರೆ ಅವರಿಬ್ಬರಲ್ಲಿ ಹಿಂಸಕನಾರು? ಕೆಂಪು ರಕ್ತವು ಕಾಣದಿದ್ದ ಮಾತ್ರಕ್ಕೆ ಖಾತೆಯು ಶುದ್ಧವಾಗುವುದಿಲ್ಲ. ಪರಿಗ್ರಹಪರಿಮಾಣ ವ್ರತವು ಅಹಿಂಸಾಣುವ್ರತದಿಂದ ಬೇರೆಯಾದುದಲ್ಲವೆಂಬುದು ಇಲ್ಲಿ ಮನವರಿಕೆಯಾಗುತ್ತದೆ. ಜೈನನು ಯೋಧನಿಗೆ ಸಲ್ಲಿಸಬಹುದಾದ ನಿಜವಾದ ಗೌರವವೆಂದರೆ, ಆಪತ್ಕಾಲದಲ್ಲಿ ನ್ಯಾಯವಾದ ಬೆಲೆಯನ್ನು ಮೀರದಿರುವುದು. ಅಂತಹ ವರ್ತಕನು ಸಮಾಧಿಗೆ ಒಮ್ಮೆಯೂ ಹೋಗದಿದ್ದರೂ ಚಿಂತೆಯಿಲ್ಲ. ಹಾಗೆ ನಡೆಯದವನು ನೂರು ಹಾರಗಳನ್ನಿಟ್ಟರೂ ಋಣ ತೀರದು.

ದರ್ಶನದ ಕ್ರಮ

ಹೋಗುವವರಾದರೆ ಹೇಗೆ ಹೋಗಬೇಕು? ತತ್ತ್ವಾರ್ಥಸೂತ್ರವು ಹೇಳಿದ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳೇ ದಾರಿ ತೋರುತ್ತವೆ. ಅಲ್ಲಿ ಮಲಗಿದವರಲ್ಲಿ ಮಾತ್ರವಲ್ಲದೆ ಅವರ ಎದುರು ಹೋರಾಡಿ ಮಡಿದವರಲ್ಲಿಯೂ ಮೈತ್ರಿ ಇರಲಿ. ಜಪಾನಿನ ತಾಯಿಯ ಕಣ್ಣೀರಿಗೂ ಉಪ್ಪೇ ಇತ್ತು. ಗೆಳೆಯನನ್ನು ಉಳಿಸಲು ತನ್ನ ದೇಹದ ಮೋಹವನ್ನು ತೊರೆದವನ ಆ ಗುಣದಲ್ಲಿ ಪ್ರಮೋದವಿರಲಿ, ಕೊಂದ ಲೆಕ್ಕದಲ್ಲಿ ಬೇಡ. ಎಳೆಯ ವಯಸ್ಸಿನಲ್ಲಿ ಬಾಳು ಮುಗಿದವರಲ್ಲಿಯೂ, ಹೇಳಿಕೊಳ್ಳಲು ನಾಲಗೆಯಿಲ್ಲದೆ ಯುದ್ಧದಲ್ಲಿ ಸತ್ತ ಕುದುರೆ ಹೇಸರಗತ್ತೆಗಳಲ್ಲಿಯೂ ಕಾರುಣ್ಯವಿರಲಿ. ಯುದ್ಧವನ್ನು ಹೊತ್ತಿಸಿದವರ ವಿಷಯದಲ್ಲಿ ದ್ವೇಷವನ್ನು ತಾಳದೆ ಮಾಧ್ಯಸ್ಥ್ಯವಿರಲಿ.

ಸ್ಥಳದ ನಿಯಮವನ್ನು ಕೇಳಿಕೊಂಡು, ಪಾದರಕ್ಷೆಯ ಕೆಳಗೆ ಇರುವೆಯೂ ಸಾಯದಂತೆ ನೋಡಿ ನಡೆದು, ಒಂದು ಶಿಲೆಯ ಹೆಸರನ್ನಾದರೂ ಪೂರ್ಣವಾಗಿ ಓದಿ, ಕಾಯೋತ್ಸರ್ಗದಲ್ಲಿ ನಿಂತು ಒಂಬತ್ತು ಬಾರಿ ಣಮೋಕಾರವನ್ನು ಸ್ಮರಿಸಿ ಬಂದರೆ ಸಾಕು. ಆ ಒಂಬತ್ತು ಸ್ಮರಣೆಗಳು ಮಡಿದವನ ಗತಿಯನ್ನು ಬದಲಿಸುವುದಿಲ್ಲ. ನಿಂತವನ ಭಾವವನ್ನು ಬದಲಿಸುತ್ತವೆ. ಹೊರಗೆ ಬಂದ ಮೇಲೆ ಶತ್ರುವಿನ ಮೇಲಿನ ಸಿಟ್ಟು ಹೆಚ್ಚಾಗಿದ್ದರೆ ಆ ಭೇಟಿಯು ಅನುಮೋದನೆಯಾಯಿತೆಂದು ತಿಳಿಯಬೇಕು. ತಾನು ಮಾತು ಬಿಟ್ಟಿರುವ ಅಣ್ಣನ ಅಥವಾ ನೆರೆಯವನ ನೆನಪಾದರೆ ಅದು ಪ್ರತಿಕ್ರಮಣವಾಯಿತೆಂದು ತಿಳಿಯಬೇಕು. ಗಡಿಯ ಯುದ್ಧವೂ ಮನೆಯ ಜಗಳವೂ ಹುಟ್ಟುವುದು ಒಂದೇ ಕಷಾಯದಿಂದ.

ಮೊದಲು ಹೇಳಿದ ಕುಟುಂಬದ ಆಯಿಯವರು ಊರಿಗೆ ಮರಳಿದ ಕೆಲವು ದಿನಗಳ ಮೇಲೆ ಮೊಮ್ಮಗನನ್ನು ಕರೆದು ಆ ಚಿತ್ರಗಳನ್ನು ತೋರಿಸೆಂದರು. ಒಂದು ಶಿಲೆಯ ಮೇಲೆ ಬರೆದಿರುವುದೇನೆಂದು ಕೇಳಿದರು. ಅವನು ಹೆಸರನ್ನು ಓದಿ ವಯಸ್ಸು ಇಪ್ಪತ್ತೊಂದು ಎಂದನು. “ನಿನ್ನ ವಾರಿಗೆಯಂವಾ” ಎಂದಷ್ಟೇ ಹೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಸಂಜೆಯ ಸಾಮಾಯಿಕದಲ್ಲಿ, ಸಮಸ್ತ ಜೀವಗಳಲ್ಲಿ ಕ್ಷಮೆ ಬೇಡುವ ಮಾತು ಬಂದಾಗ, ಅವರ ದನಿಯು ಎಂದಿಗಿಂತ ನಿಧಾನವಾಗಿತ್ತು.

ಸಮಾಧಿಯ ಬಾಗಿಲಲ್ಲಿ ನಿಂತ ಆಯಿಯವರ ಎಚ್ಚರವೂ, ಒಳಗೆ ಹೋದ ಮೊಮ್ಮಗನ ಕೃತಜ್ಞತೆಯೂ ಒಂದೇ ಮನೆಯಲ್ಲಿ ಕೂಡಿರಬೇಕು. ಎಚ್ಚರವಿಲ್ಲದ ಕೃತಜ್ಞತೆಯು ಯುದ್ಧೋತ್ಸಾಹವಾಗುತ್ತದೆ, ಕೃತಜ್ಞತೆಯಿಲ್ಲದ ಎಚ್ಚರವು ಒಣ ಆಚಾರವಾಗುತ್ತದೆ. ಈ ಮಹೋತ್ಸವದ ಪುಣ್ಯಸಮಯದಲ್ಲಿ ಭಗವಂತನ ಅಭಿಷೇಕವನ್ನು ಕಣ್ತುಂಬ ನೋಡುವ ಎಲ್ಲ ಬಂಧುಗಳೂ, ಅವರ ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಹೆಸರುಳ್ಳ ಮತ್ತು ಹೆಸರಿಲ್ಲದ ಆ ಎಲ್ಲ ಜೀವಗಳಿಗಾಗಿ ಒಂದು ಕ್ಷಣ ಶಾಂತಿಯನ್ನು ಭಾವಿಸಲಿ. ಇನ್ನು ಮುಂದೆ ಅಂತಹ ಶಿಲೆಗಳನ್ನು ನೆಡುವ ಪ್ರಸಂಗವು ಯಾವ ನಾಡಿಗೂ ಬಾರದಿರಲಿ.

ಜೈ ಜಿನೇಂದ್ರ.